ಮೂರನೆಯ ಬಟ್ಟಲು

ದೆಸ್ಸೆ,
ಮಿಯಾಜ್ಯಾ ತಿಂಗಳ ಇಪ್ಪತ್ತೆರಡು, ಮಂಗಳವಾರ

ನನ್ನ ಮುದ್ದಿನ ಮಗಳೇ, ಅಸ್ನಾಕೆಚ್,

ಹೇಗಿದ್ದೀಯಮ್ಮಾ? ಸೊಂಟನೋವು ಹೇಗಿದೆ? ಆ ನಿನ್ನ ಮೇಡಂ ಈಗಲಾದರೂ ಕೂತು ಉಣ್ಣಲು ಬಿಡುತ್ತಾಳೋ, ಇಲ್ಲ ಇನ್ನೂ ಅಡುಗೆಮನೆಯಲ್ಲಿ ನಿಂತೇ ನುಂಗಬೇಕೋ? ನಿನ್ನ ನೆನಪಿನ ಸಂಕಟವೊಂದು ಬಿಟ್ಟರೆ ನಾವೆಲ್ಲ ಕ್ಷೇಮ ಎಂದು ಬರೆಯುವುದು ನಮ್ಮ ರೂಢಿ. ಈ ಸಲ ಹಾಗೆ ಬರೆಯಲು ಕೈ ಬರುತ್ತಿಲ್ಲ. ನನಗೇನೂ ಆಗಿಲ್ಲ, ಗಟ್ಟಿಮುಟ್ಟಾಗಿದ್ದೇನೆ, ಆ ಮೊಣಕಾಲು ಬಿಟ್ಟರೆ. ಫನಾಯೆ ಪಕ್ಕದಲ್ಲೇ ದಿಂಬಿಗೆ ಒರಗಿ ಕೂತು, ನಾನು ಒಂದೊಂದು ಸಾಲು ಮುಗಿಸಿದ ಹಾಗೂ ಕತ್ತು ಚಾಚಿ ಓದುತ್ತಿದ್ದಾಳೆ. "ಅಜ್ಜೀ, ನಿನ್ನ ಅಕ್ಷರ ಕೋಳಿ ಕೆರೆದ ಹಾಗಿದೆ, ಅಮ್ಮನಿಗೆ ಓದೋಕಾಗಲ್ಲ, ಕೊಡು ನಾನು ಬರೀತೀನಿ" ಎನ್ನುತ್ತಾಳೆ. ನಾನು ಕೊಡುವುದಿಲ್ಲ. ಮಿಲಿಟರಿಯವರ ಕಾಲದಲ್ಲಿ ಓದು ಕಲಿಸುತ್ತೇವೆಂದು ಹಿಡಿದು ಕೂರಿಸಿದಾಗ ಕಲಿತ ಅಕ್ಷರ ಇದು. ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಕಲಿತದ್ದು. ನಿನಗೆ ಓದಲು ಬಂದೇ ಬರುತ್ತದೆ.

ನೇರವಾಗಿ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳಿದರೆ ನಿನಗೆ ಇನ್ನೂ ಹಿಂಸೆ. ಪರದೇಶದಿಂದ ಆಪರೇಷನ್ ಮಾಡಲು ಬಂದಿದ್ದ ಡಾಕ್ಟರುಗಳ ಪಟ್ಟಿಯಲ್ಲಿ ಫನಾಯೆಯ ಹೆಸರು ಸೇರಲಿಲ್ಲ. ಎಂಟು ದಿನ ಇದ್ದರು, ಎಂಟು ಜನರಿಗೆ ಎದೆ ತೆರೆದು ಹೊಲಿದರು, ಹೋದ ಶುಕ್ರವಾರ ವಿಮಾನ ಹತ್ತಿ ಹೋದರು. ಇನ್ನು ಬರುವುದು ಮಳೆಗಾಲ ಮುಗಿದು, ಹೊಸ ವರ್ಷದ ಹಬ್ಬ ಕಳೆದ ಮೇಲಂತೆ. ಆರು ತಿಂಗಳು. ಭಾನುವಾರ ಫೋನಿನಲ್ಲಿ ನಾನು "ಎಲ್ಲಾ ಸರಿಹೋಗುತ್ತೆ, ನೀನು ಚಿಂತೆ ಮಾಡಬೇಡ" ಎಂದೆನಲ್ಲ, ಅದು ಸುಳ್ಳು. ನಿನ್ನ ಮೇಡಂ ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿರುವಾಗ ಹತ್ತು ನಿಮಿಷದಲ್ಲಿ ಇಂಥದ್ದನ್ನು ಹೇಗೆ ಹೇಳಲಿ ಹೇಳು? ಅದಕ್ಕೇ ಈ ಕಾಗದ. ಮಸೀದಿ ಬೀದಿಯ ಫೌಜಿಯಾ ನಾಳೆ ಬೈರೂತಿಗೆ ವಾಪಸ್ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ.

ಏನಾಯಿತು ಎಂದು ಮೊದಲಿನಿಂದ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಇದು ನಿನಗೂ ಬೇಕು. ಅಡಿಸ್ ಅಬಾಬಾದ ಆಸ್ಪತ್ರೆಯ ಡಾಕ್ಟರ್ ಯಾರೆದ್ ನನ್ನನ್ನು ಕೂರಿಸಿಕೊಂಡು ವಂಶದಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಸತ್ತಿದ್ದಾರೆಯೇ ಎಂದು ಕೇಳಿದರು. ನಿನ್ನ ಅಪ್ಪನ ವಿಷಯ ಹೇಳಿದೆ. ಆರಡಿ ಮೇಲೆ ಎತ್ತರ, ನಲವತ್ತು ತುಂಬಿರಲಿಲ್ಲ, ಕತ್ತೆಯ ಬೆನ್ನಿನಿಂದ ಮೂಟೆ ಇಳಿಸುತ್ತಾ "ಬೆನ್ನು ಹರೀತಿದೆ ಕಣೇ" ಎಂದವನು ಅಂಗಳದಲ್ಲೇ ಕುಸಿದ. ನಾವೆಲ್ಲ ಯಾರದೋ ಕೆಟ್ಟ ಕಣ್ಣು ಬಿತ್ತು ಎಂದುಕೊಂಡೆವು. ಕಣ್ಣಲ್ಲವಂತೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಬುಡದಲ್ಲೇ ಉಬ್ಬಿ ತೆಳ್ಳಗಾಗಿ ಒಂದು ದಿನ ಒಡೆಯುತ್ತದಂತೆ. ಉದ್ದ ಮೈ, ಉದ್ದ ಬೆರಳು ಇರುವವರಲ್ಲಿ ತಂದೆಯಿಂದ ಮಕ್ಕಳಿಗೆ ಇಳಿದು ಬರುತ್ತದಂತೆ. ಅವನಿಂದ ನಿನಗೆ, ನಿನ್ನಿಂದ ಫನಾಯೆಗೆ ಬಂದಿರಬೇಕು ಎಂದರು. ನಿನಗೂ ಈ ಹೃದಯದ ಸ್ಕ್ಯಾನ್ ಆಗಲೇಬೇಕಂತೆ. ಮೇಡಂ ಹತ್ತಿರ ಹಲ್ಲುನೋವು ಎಂದಾದರೂ ಹೇಳಿ ಆಸ್ಪತ್ರೆಗೆ ಹೋಗು. ಹೆದರುತ್ತೀಯ ಎಂದು ನನಗೆ ಗೊತ್ತು, ಇಂಜೆಕ್ಷನ್ ಎಂದರೆ ಮಂಚದ ಕೆಳಗೆ ನುಗ್ಗುತ್ತಿದ್ದವಳು ನೀನು. ಹೆದರುವಂಥದ್ದು ಏನೂ ಇಲ್ಲ. ನನಗೆ ಗೊತ್ತಿದ್ದಷ್ಟು, ಫನಾಯೆ ಹೇಳಿದಷ್ಟು ಬರೆಯುತ್ತೇನೆ.

ಮೊದಲು ರಕ್ತ ತೆಗೆದು ಮೂತ್ರಪಿಂಡ ಸರಿಯಿದೆಯೇ ಎಂದು ನೋಡುತ್ತಾರೆ. ಅದಾದ ಮೇಲೆ ದಿನ ಕೊಡುತ್ತಾರೆ. ನಮಗೆ ಸಿಕ್ಕಿದ್ದು ಹೋದ ವಾರಕ್ಕೂ ಹಿಂದಿನ ವಾರದ ಬುಧವಾರ. ಅಲ್ಲಿನ ಸಿಸ್ಟರ್ ಮುಲು ಸ್ವಲ್ಪ ಗಡಸು ಹೆಂಗಸು, ಆದರೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಸ್ಕ್ಯಾನಿಗೆ ನಾಲ್ಕು ಗಂಟೆ ಮೊದಲಿನಿಂದ ಏನೂ ತಿನ್ನಬಾರದು. ನೀರು ಕುಡಿಯಬಹುದು. ಹಿಂದಿನ ದಿನದಿಂದಲೇ ಕಾಫಿ, ಟೀ ಮುಟ್ಟಬಾರದು. ಉಪವಾಸದ ಮಾತು ಕೇಳಿ ನನಗೆ ನಗು ಬಂತು. ಐವತ್ತೈದು ದಿನ ಉಪವಾಸ ಹಿಡಿದು ಈಗಷ್ಟೇ ಹಬ್ಬ ಮುಗಿಸಿದ ನಮಗೆ ನಾಲ್ಕು ಗಂಟೆ ಯಾವ ಲೆಕ್ಕ? ಕಾಫಿಯ ಮಾತು ಮಾತ್ರ ವಿಚಿತ್ರ ಅನ್ನಿಸಿತು. "ಎದೆ ನಿಧಾನವಾಗಿ ಹೊಡ್ಕೋಬೇಕಮ್ಮಾ, ನಿಮಿಷಕ್ಕೆ ಅರವತ್ತು ಅರವತ್ತೈದು. ಓಡೋ ಎದೆಯ ಫೋಟೋ ತೆಗೆಯೋಕಾಗಲ್ಲ. ಕಾಫಿ ಓಡಿಸುತ್ತೆ" ಎಂದಳು. ಬೇರೆಯವರಿಗೆ ಎದೆ ನಿಧಾನ ಮಾಡಲು ಒಂದು ಮಾತ್ರೆ ಕೊಡುತ್ತಾರೆ. ಫನಾಯೆಗೆ ಉಬ್ಬಸ ಇದೆಯಲ್ಲ, ಅವಳಿಗೆ ಆ ಮಾತ್ರೆ ಕೊಡುವ ಹಾಗಿಲ್ಲ, ಉಸಿರು ಕಟ್ಟೀತು. ಹಾಗಾಗಿ ಅವಳ ಎದೆ ತಾನಾಗಿಯೇ ಸಮಾಧಾನವಾಗಿರಬೇಕಿತ್ತು. ನಿನಗೆ ಉಬ್ಬಸ ಇಲ್ಲ, ನೀನು ಬಚಾವು.

ಅಡಿಸ್ ಅಬಾಬಾದಲ್ಲಿ ಅಲ್ಗಾನೆಶ್ ಅಕ್ಕನ ಮನೆಯಲ್ಲೇ ಇಳಿದೆವು. ದೊಡ್ಡಮ್ಮನ ಮಗಳಾದರೂ ಒಡಹುಟ್ಟಿದವಳಿಗಿಂತ ಹೆಚ್ಚು, ಅವಳ ಬಾಯಿಯೂ ಹೆಚ್ಚು. ಬಸ್ಸಿನಲ್ಲಿ ಇಡೀ ದಿನ ಕೂತು ಬಂದ ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸಿ "ಅಯ್ಯೋ, ದೀಪದ ಕಂಬ ಬಂತಲ್ಲೇ! ಇನ್ನೆಷ್ಟು ಬೆಳೀತೀಯ, ಮನೆಯ ಮಾಡು ಮುರೀತೀಯ" ಎಂದು ಅಪ್ಪಿಕೊಂಡಳು. ಮಂಗಳವಾರ ಮಧ್ಯಾಹ್ನ ನೆಲಕ್ಕೆ ಹಸಿ ಹುಲ್ಲು ಹಾಸಿ, ಧೂಪ ಹಾಕಿ, ಕಾಳು ಹುರಿದು, ಮೂರು ಸುತ್ತಿನ ಕಾಫಿಗೆ ಕೂತಳು. ಹುಡುಗಿಗೆ ಆಶೀರ್ವಾದ ಮಾಡಿ ಕಳಿಸಬೇಕೆಂದು ಪಕ್ಕದ ಮನೆಯವರನ್ನೂ ಕರೆದಿದ್ದಳು. ಮೂರನೆಯ ಬಟ್ಟಲಿಗೆ ಮನೆಯ ಹಿರಿಯರು ಹರಸುವ ಪದ್ಧತಿ ನಿನಗೆ ಗೊತ್ತೇ ಇದೆ. ತೆಸೆಮಾ ಭಾವ ಈಗ ಕಣ್ಣು ಕಾಣದೆ ಕೂತಲ್ಲೇ ಕೂತಿರುತ್ತಾರೆ, ಆದರೂ ಧ್ವನಿ ಹಾಗೇ ಇದೆ. ಅವರು ಎರಡೂ ಕೈ ಚಾಚಿ "ಹೋದ ದಾರಿ ಬೆಳಕಾಗಲಿ, ಕತ್ತಿ ಹಿಡಿದ ಕೈ ನಡುಗದಿರಲಿ, ನಿನ್ನ ತಾಯಿ ನಿನ್ನ ಮುಖ ನೋಡಲಿ" ಎಂದು ಹರಸಿದರು. ಎಲ್ಲರೂ ಆಮೆನ್ ಎಂದೆವು. ನನಗೆ ಅಳು ತಡೆಯಲಾಗಲಿಲ್ಲ. ಫನಾಯೆ ಮೊದಲ ಸುತ್ತಿಗೂ ಎರಡನೆಯದಕ್ಕೂ ಬಟ್ಟಲಿನ ಮೇಲೆ ಅಂಗೈ ಮುಚ್ಚಿದಳು. ಒಳ್ಳೆಯ ಹುಡುಗಿ, ಹೇಳಿದ್ದನ್ನು ಕೇಳುತ್ತಾಳೆ.

ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಮೊದಲು ಮೈಮೇಲಿನ ಲೋಹವೆಲ್ಲ ತೆಗೆಸಿದರು. ಕಿವಿಯೋಲೆ, ಪಿನ್ನು, ಕತ್ತಿನ ಶಿಲುಬೆ. ದೀಕ್ಷಾಸ್ನಾನದ ದಿನ ಕಟ್ಟಿದ ದಾರ ಬಿಚ್ಚುವುದಿಲ್ಲ ಎಂದು ನಾನು ಜಗಳಕ್ಕೇ ನಿಂತೆ. ಸಿಸ್ಟರ್ ಮುಲು "ದಾರ ಇರಲಿ ಬಿಡಿ, ಶಿಲುಬೆ ನೀವು ಇಟ್ಕೊಳ್ಳಿ" ಎಂದು ಸುಮ್ಮನಾಗಿಸಿದಳು. ಸ್ಕ್ಯಾನ್ ಮುಗಿಯುವವರೆಗೂ ಅವಳ ಶಿಲುಬೆ ನನ್ನ ಮುಷ್ಟಿಯಲ್ಲೇ ಇತ್ತು. ನಮಗಿಂತ ಮುಂದೆ ಆರ್ಸಿ ಕಡೆಯ ಒಬ್ಬ ಮಧ್ಯವಯಸ್ಸಿನ ಮನುಷ್ಯನಿದ್ದ. ಬೆಳಿಗ್ಗೆ ಎದ್ದು ಕಾಫಿ ಕುಡಿದೇ ಬಂದಿದ್ದನಂತೆ ಪುಣ್ಯಾತ್ಮ. ಸಿಸ್ಟರ್ ಅವನನ್ನೂ ಅವನ ಹೆಂಡತಿಯನ್ನೂ ಇಡೀ ಪಡಸಾಲೆಗೆ ಕೇಳುವ ಹಾಗೆ ಜಾಲಾಡಿಸಿದಳು. "ಕಿವಿ ಮನೇಲಿ ಇಟ್ಟು ಬಂದಿದ್ದೀರಾ? ನಾನೇನು ಗೋಡೆಗೆ ಹೇಳಿದ್ನಾ?" ಎಂದು ಬೈದು, ಎಬ್ಬಿಸಿ, ಆಚೆ ಕಳಿಸಿದಳು. ಅವನು ಮುಖ ತಗ್ಗಿಸಿಕೊಂಡು, ಹೆಂಡತಿಯ ಶಾಲು ಹಿಡಿದುಕೊಂಡು ಹೋದ. ಆಮೇಲೆ ನಮ್ಮ ಸರದಿ. ಅದೇ ಸಿಟ್ಟಿನಲ್ಲಿ "ನೀನು ಕಾಫಿ ಕುಡಿದಿದ್ದೀಯಾ?" ಎಂದು ಕೇಳಿದಳು. ಫನಾಯೆ "ಇಲ್ಲ" ಎಂದಳು.

ಎದೆಗೆ ಮೂರು ನಾಲ್ಕು ಕಡೆ ಅಂಟು ಬಿಲ್ಲೆ ಹಚ್ಚಿ ತಂತಿ ಸಿಕ್ಕಿಸುತ್ತಾರೆ. ತಂತಿ ಪೆಟ್ಟಿಗೆಗೆ ಹೋಗುತ್ತದೆ, ಪೆಟ್ಟಿಗೆಯಲ್ಲಿ ಎದೆಬಡಿತದ ಲೆಕ್ಕ ಕಾಣುತ್ತದೆ. ಫನಾಯೆಯದು ನೂರಾ ನಾಲ್ಕು ತೋರಿಸಿತು. ಕಣ್ಣು ಮುಚ್ಚಿ ಮಲಗು ಎಂದರು. ಅರ್ಧ ಗಂಟೆ ಕಾದರು. ತೊಂಬತ್ತೆಂಟು. ಮತ್ತೆ ಕಾದರು. ತೊಂಬತ್ತೆಂಟೇ. ಇನ್ನು ಇಳಿಯದು ಎಂದು ಹಾಗೇ ಮುಂದುವರಿದರು. ಕೈಗೆ ಸೂಜಿ ಚುಚ್ಚಿದರು, ಅದಷ್ಟೇ ನೋವಂತೆ, ಇರುವೆ ಕಚ್ಚಿದಷ್ಟು. ನಾಲಿಗೆಯ ಕೆಳಗೆ ಏನೋ ಔಷಧಿ ಹಾಕುತ್ತಾರೆ, ಅದರಿಂದ ಒಂದು ಗಳಿಗೆ ತಲೆ ಸಿಡಿಯುತ್ತದೆ, ಹೆದರಬೇಡ, ಹೋಗಿಬಿಡುತ್ತದೆ. ಯಂತ್ರ ಗವಿಯ ಹಾಗಿಲ್ಲ. ನಮ್ಮ ಇಂಜೆರಾ ರೊಟ್ಟಿ ಹುಯ್ಯುವ ಹಂಚನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ತೂತು ಕೊರೆದರೆ ಹೇಗಿರುತ್ತದೋ ಹಾಗೆ ಎಂದು ಫನಾಯೆ ಹೇಳುತ್ತಾಳೆ. ಎರಡೂ ಕೈ ತಲೆಯ ಮೇಲಕ್ಕೆತ್ತಿ ಮಲಗಬೇಕು, ಮಂಚ ತಾನೇ ಒಳಗೆ ಹೊರಗೆ ಜರುಗುತ್ತದೆ. ಒಬ್ಬ ಹೆಂಗಸಿನ ಧ್ವನಿ ಉಸಿರು ಹಿಡಿ, ಉಸಿರು ಬಿಡು ಎನ್ನುತ್ತದೆ, ಇಲ್ಲಿ ಇಂಗ್ಲಿಷಿನಲ್ಲಿ, ನೀನಿರುವಲ್ಲಿ ಅರಬ್ಬಿಯಲ್ಲೇನೋ. ಆಮೇಲೆ ಸೂಜಿಯಿಂದ ಬಣ್ಣದ ಔಷಧಿ ಬಿಡುತ್ತಾರೆ. ಮೈಯೆಲ್ಲ ಒಮ್ಮೆಗೇ ಬಿಸಿ ಏರಿ, ಬಾಯಲ್ಲಿ ತುಕ್ಕಿನ ರುಚಿ ಬಂದು, ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡೆವೇನೋ ಅನ್ನಿಸುತ್ತದಂತೆ. ಫನಾಯೆಗೆ ನಾಚಿಕೆಯಾಗಿ ಆಮೇಲೆ ಲಂಗ ಮುಟ್ಟಿ ನೋಡಿಕೊಂಡಳಂತೆ, ಒಣಗೇ ಇತ್ತು. (ಇದನ್ನು ಬರೆದದ್ದಕ್ಕೆ ಈಗ ನನ್ನ ತೋಳು ಗಿಲ್ಲಿದಳು.) ಯಂತ್ರದ ಕೆಲಸ ಹತ್ತೇ ನಿಮಿಷ. ಮುಗಿದ ಮೇಲೆ ಚೆನ್ನಾಗಿ ನೀರು ಕುಡಿ ಎನ್ನುತ್ತಾರೆ. ಅಷ್ಟೇ ಕಣಮ್ಮಾ. ಹೆರಿಗೆಯ ಮುಂದೆ ಇದು ಏನೇನೂ ಅಲ್ಲ.

ಸಂಜೆ ಡಾಕ್ಟರ್ ಯಾರೆದ್ ಚಿತ್ರ ತೋರಿಸಿದರು. ಬೂದು ಬಣ್ಣದ ಮೋಡದ ಹಾಗೆ ಇತ್ತು. ದೊಡ್ಡ ನಾಳ ಉಬ್ಬಿರುವುದು ನನ್ನಂಥವಳಿಗೂ ಕಂಡಿತು. ಆದರೆ ಅದರ ಬುಡದಿಂದ ಎರಡು ಸಣ್ಣ ನಾಳ ಹೊರಟು ಹೃದಯಕ್ಕೇ ರಕ್ತ ಕೊಡುತ್ತವಂತೆ, ಅವು ಒಂದೊಂದೂ ಎರಡೆರಡಾಗಿ ಮೂರು ಮೂರಾಗಿ ಅಲುಗಿ ಕಾಣುತ್ತಿದ್ದವು. "ಇವು ಎಲ್ಲಿಂದ ಹೊರಟಿವೆ ಅಂತ ಕಾಣದೆ ಅವರು ಕತ್ತಿ ಇಡಲ್ಲಮ್ಮಾ" ಎಂದರು. ಕಾಫಿ ಕುಡಿಯದೆಯೂ ಎದೆ ಹೀಗೆ ಓಡುತ್ತಿದ್ದರೆ ಹೃದಯವೇ ಸೋತಿರಬಹುದು, ಆಪರೇಷನ್ ತಡೆಯದಿರಬಹುದು ಎಂದು ಪರದೇಶದವರು ಹಿಂದೆ ಸರಿದರಂತೆ. ಗುರುವಾರ ಮಧ್ಯಾಹ್ನ ಪಟ್ಟಿ ಅಂಟಿಸಿದರು. ಎಂಟು ಹೆಸರು. ನಾನು ಮೂರು ಸಲ ಓದಿದೆ, ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ಆರು ತಿಂಗಳು ಕಾಯಬಹುದೇ ಎಂದು ಡಾಕ್ಟರನ್ನು ಕೇಳಿದೆ. "ಭಾರ ಎತ್ತಬಾರದು, ಓಡಬಾರದು, ರಕ್ತದೊತ್ತಡದ ಮಾತ್ರೆ ತಪ್ಪಿಸಬಾರದು" ಎಂದರು. ನಾನು ಕೇಳಿದ್ದು ಅದಲ್ಲ ಎಂದೆ. ಅವರು ಮೇಜಿನ ಮೇಲಿನ ಕಾಗದ ಸರಿಮಾಡುತ್ತಾ ಕೂತರು.

ಈಗ ಅವಳು ಮನೆಯಲ್ಲೇ ಇದ್ದಾಳೆ. ಶಾಲೆಗೆ ಆ ಏರು ಹತ್ತಬೇಕಲ್ಲ, ಬಿಡಿಸಿದೆ. ಹನ್ನೆರಡನೆಯ ತರಗತಿಯ ಪುಸ್ತಕಗಳನ್ನು ಇನ್ನೂ ಓದುತ್ತಾಳೆ, ಯಾಕೆ ಎಂದು ಕೇಳುವ ಧೈರ್ಯ ನನಗಿಲ್ಲ. ಕೊಡ ಎತ್ತಲು ಬಿಡುವುದಿಲ್ಲ, ಬಟ್ಟೆ ಹಿಂಡಲು ಬಿಡುವುದಿಲ್ಲ. ಮೊನ್ನೆ ಸೀನಿದಳು, ನಾನು ಒಲೆ ಬಿಟ್ಟು ಓಡಿ ಬಂದೆ. "ಅಜ್ಜೀ, ಸೀನೋಕೂ ನಿನ್ನ ಅಪ್ಪಣೆ ಬೇಕಾ?" ಎಂದು ನಕ್ಕಳು. ನೀನು ಕೊನೆಯ ಸಲ ನೋಡಿದಾಗ ಅವಳಿಗೆ ಹನ್ನೊಂದು ವರ್ಷ. ಈಗ ನಗುವಾಗ ಥೇಟ್ ನಿನ್ನ ಹಾಗೆ ಮೂಗು ಸುಕ್ಕಿಸುತ್ತಾಳೆ. ದೇವಮಾತೆಯ ಗುಡಿಗೆ ಹರಕೆ ಹೊತ್ತಿದ್ದೇನೆ, ತೀರ್ಥವನ್ನೂ ತಂದು ಚಿಮುಕಿಸಿದ್ದೇನೆ. ಸುಳ್ಳು ಭರವಸೆ ಬರೆಯುವುದಿಲ್ಲ ಮಗಳೇ, ನನಗೆ ಭರವಸೆ ಉಳಿದಿಲ್ಲ. ಏನು ಮಾಡುವುದು, ಅವಳ ಎದೆ ನಿಧಾನವಾಗಲಿಲ್ಲ, ಅದು ಯಾರ ಕೈಯಲ್ಲಿದೆ?

ನಿನ್ನ ಆರೋಗ್ಯ ನೋಡಿಕೋ. ಸ್ಕ್ಯಾನ್ ಮಾಡಿಸಿಕೋ, ಇದು ನನ್ನ ಆಣೆ. ಮಲಗುವ ಮುಂಚೆ ಸೊಂಟಕ್ಕೆ ಎಣ್ಣೆ ಹಚ್ಚಿಕೋ. ಒಂದು ಚೀಲ ಹುರಿದ ಬಾರ್ಲಿ, ಖಾರದ ಪುಡಿ ಕಳಿಸಿದ್ದೇನೆ, ಮೇಡಂ ಕಣ್ಣಿಗೆ ಬೀಳದ ಹಾಗೆ ಇಟ್ಟುಕೋ. ಅಲ್ಗಾನೆಶ್ ಅಕ್ಕ, ತೆಸೆಮಾ ಭಾವ ನಿನ್ನನ್ನು ಕೇಳಿದರು. ಫನಾಯೆ ನಿನ್ನ ಎರಡೂ ಕೆನ್ನೆಗೆ ಮೂರು ಮೂರು ಮುತ್ತು ಎಂದು ಬರೆಯಲು ಹೇಳುತ್ತಿದ್ದಾಳೆ. ದೇವರು ನಿನ್ನನ್ನು ಪರರ ಮನೆಯಲ್ಲಿ ತಲೆ ತಗ್ಗಿಸದ ಹಾಗೆ ಕಾಯಲಿ.

ನಿನ್ನನ್ನು ಹೆತ್ತವಳು,
ವೊರ್ಕಿನೆಶ್

ಮರೆತದ್ದು: ಮರೆತದ್ದಲ್ಲ, ಅಸ್ನಿ. ಫನಾಯೆ ಎದುರಿಗೆ ಬರೆಯಲಾಗಲಿಲ್ಲ. ಈಗ ಫೌಜಿಯಾಳ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಅವಳು ಪೆಟ್ಟಿಗೆ ಕಟ್ಟುತ್ತಿದ್ದಾಳೆ, ಬೇಗ ಬೇಗ ಎನ್ನುತ್ತಿದ್ದಾಳೆ. ಫನಾಯೆ ಎರಡು ಸಲ ಅಂಗೈ ಮುಚ್ಚಿದಳು ಎಂದು ಬರೆದೆನಲ್ಲ, ಮೂರನೆಯ ಸಲ ಆ ಕೈ ಸರಿಸಿದವಳು ನಾನು. ಭಾವ ಹರಸಲು ಕೈ ಚಾಚಿ ಕೂತಿದ್ದಾರೆ, ಎಲ್ಲರೂ ನೋಡುತ್ತಿದ್ದಾರೆ, ಆ ಬಟ್ಟಲು ಕುಡಿಯದೆ ಎದ್ದರೆ ಆಶೀರ್ವಾದವನ್ನೇ ನೆಲಕ್ಕೆ ಚೆಲ್ಲಿ ಎದ್ದ ಹಾಗೆ ಅನ್ನಿಸಿತು. "ಬೇಡ ಅಜ್ಜೀ, ಸಿಸ್ಟರ್ ಹೇಳಿದ್ದಾರೆ" ಎಂದಳು. "ಸಿಸ್ಟರ್‌ಗೇನು ಗೊತ್ತು ಆಶೀರ್ವಾದ? ಕುಡಿಯೇ" ಎಂದೆ. ಮೊದಲ ಎರಡು ಬಿಟ್ಟು ಮೂರನೆಯದೊಂದೇ ಕುಡಿದರೆ ಫಲವಿಲ್ಲ ಎಂದು ಅಕ್ಕ ಅಂದಳು. ಫನಾಯೆಯ ಪಾಲಿನ ಆ ಎರಡನ್ನೂ ಎತ್ತಿಟ್ಟಿದ್ದಳು. ಮೂರನ್ನೂ ನನ್ನ ಕೈಯಾರೆ ಅವಳ ತುಟಿಗೆ ಹಿಡಿದೆ.

ಮರುದಿನ ಸಿಸ್ಟರ್ ಕೇಳಿದಾಗ ಫನಾಯೆ ನನ್ನ ಮುಖ ನೋಡಿದಳು. ಆ ಗಂಡಹೆಂಡತಿಗೆ ಆದ ಹಾಗೆ ನನಗೆ ನಾಲ್ಕು ಜನರ ಎದುರು ಬೈಗುಳ ಬೀಳಬಾರದು ಎಂದು ಇಲ್ಲ ಎಂದಳು. ನಾನು ಬಾಯಿ ಬಿಡಲಿಲ್ಲ. ನಾಚಿಕೆ ಕಣೇ. ಆ ಆರ್ಸಿಯ ಮನುಷ್ಯನಿಗೆ ಗುರುವಾರ ಬೆಳಿಗ್ಗೆ ಬಾ ಎಂದಿದ್ದರಂತೆ. ಬಂದ. ಅವನ ಚಿತ್ರ ಕನ್ನಡಿಯ ಹಾಗೆ ಬಂತು. ಪಟ್ಟಿಯಲ್ಲಿ ಮೊದಲ ಹೆಸರು ಅವನದೇ. ಅದನ್ನು ನೋಡಿ ಓಡಿಹೋಗಿ ಸಿಸ್ಟರ್ ಮುಲುವಿನ ಕಾಲು ಹಿಡಿದು ನಿಜ ಹೇಳಿದೆ. ಬೈಯಲಿಲ್ಲ ಅಸ್ನಿ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. "ಕಾಫಿಯಿಂದಲೇ ಅಂತ ನಾನು ಹೇಳಲಾರೆ, ಹೆದರಿಕೆಯಿಂದಲೂ ಇರಬಹುದು. ನೆನ್ನೆ ಹೇಳಿದ್ದಿದ್ರೆ ಆಗಲೇ ನಿಲ್ಲಿಸಿ ಇವತ್ತು ಬೆಳಿಗ್ಗೆ ತೆಗೀತಿದ್ವಿ. ಈಗ ಎಂಟೂ ತುಂಬಿದೆ ಅಮ್ಮಾ. ಯಾರ ಹೆಸರು ಹೊಡೆದುಹಾಕಲಿ, ನೀವೇ ಹೇಳಿ" ಎಂದರು.

ನೀನು ಸ್ಕ್ಯಾನಿಗೆ ಹೋಗುವಾಗ ಯಾರು ಕೊಟ್ಟರೂ ಕುಡಿಯಬೇಡ. ಕುಡಿದಿದ್ದರೆ ಹೇಳಿಬಿಡು, ಬೈಸಿಕೋ. ಇದನ್ನು ನಿನಗೆ ಬರೆಯಕೂಡದು ಎಂದು ಫನಾಯೆ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. "ಅಮ್ಮನಿಗೆ ನಿನ್ನ ಮೇಲೆ ಸಿಟ್ಟು ಬರೋದು ಬೇಡ ಅಜ್ಜೀ. ಆಮೇಲೆ ನೀವಿಬ್ಬರೇ ತಾನೆ ಇರೋದು" ಎಂದಳು. ಹದಿನೇಳು ವರ್ಷದ ಹುಡುಗಿ ಆಮೇಲಿನದನ್ನೂ ಲೆಕ್ಕ ಹಾಕಿ ಇಟ್ಟಿದ್ದಾಳೆ. ಫೌಜಿಯಾ ಕೈ ಚಾಚಿದ್ದಾಳೆ. ಮೇಡಂ ಪಾಸ್‌ಪೋರ್ಟ್ ಕೊಡದಿದ್ದರೆ ಕಿತ್ತುಕೊಂಡಾದರೂ ಬಾ. ನನ್ನನ್ನು ಬೈಯುವುದು ಆಮೇಲೆ ಇದ್ದೇ ಇದೆ. ಅವಳಿರುವಾಗ ಬಾ.